ಸುಗಂಧಿ ಮತ್ತು ತಂಡ

ಆಮಂತ್ರಣ ಪತ್ರಿಕೆ ಬಂದಾಗ ಸುಗಂಧಿ ನಾಲ್ಕನೇ ವಾರ್ಡಿನ ಕಕ್ಕಸು ತೊಳೆಯುತ್ತಿದ್ದಳು. ಮಣಿಪಾಲದ ಆ ಆಸ್ಪತ್ರೆಯಲ್ಲಿ ಕಕ್ಕಸಿಗೆ ರೆಸ್ಟ್ ರೂಮ್ ಎನ್ನುತ್ತಾರೆ. ತೊಳೆಯುವವರಿಗೆ ಹೌಸ್‌ಕೀಪಿಂಗ್ ಸಿಬ್ಬಂದಿ ಎನ್ನುತ್ತಾರೆ. ವಾಸನೆಗೆ ಮಾತ್ರ ಇನ್ನೂ ಹೊಸ ಹೆಸರು ಸಿಕ್ಕಿರಲಿಲ್ಲ.

ಪತ್ರಿಕೆ ತಂದವಳು ಝೀಟಾ. ಕಾಪು ಪೇಟೆಯ ಒಂದು ಪ್ರೆಸ್ಸಿನಲ್ಲಿ ಕಂಪ್ಯೂಟರಿನ ಎದುರು ಕೂತು ಮದುವೆ, ಸತ್ತವರ ಬೊಜ್ಜ, ಇಗರ್ಜಿಯ ನೋವೆನಾ, ಗೃಹಪ್ರವೇಶ ಎಲ್ಲವನ್ನೂ ಒಂದೇ ವೇಗದಲ್ಲಿ ಟೈಪು ಮಾಡುವವಳು. ಸುಗಂಧಿಯ ಕವನ ಸಂಕಲನವನ್ನೂ ಕಾದಂಬರಿಯನ್ನೂ ಟೈಪು ಮಾಡಿದ್ದು ಅವಳೇ. ಅತ್ತೆಯ ಮೊಣಕಾಲು ತೋರಿಸಲು ಆಸ್ಪತ್ರೆಗೆ ಬಂದವಳು ಹಾಗೇ ಮೇಲೆ ಹತ್ತಿದ್ದಳು.

“ನೋಡು ಮಾರಾಯ್ತಿ, ನಿನ್ನ ಹೆಸರು ಬಂದಿದೆ. ನಾನೇ ಹೊಡೆದದ್ದು.”

ಸುಗಂಧಿ ಗ್ಲೌಸು ಕಳಚಿ, ಕೈ ತೊಳೆದು, ಸೀರೆಗೆ ಒರೆಸಿ ಕಾರ್ಡು ತೆಗೆದುಕೊಂಡಳು. ಕಾರ್ಕಳದಲ್ಲಿ ಕಡಲ ನುಡಿ ಸಮ್ಮೇಳನ. ಬೆಳಿಗ್ಗೆ ಮೆರವಣಿಗೆ. ಮಧ್ಯಾಹ್ನ ಎರಡೂವರೆಗೆ ಕವಿಗೋಷ್ಠಿ. ಹನ್ನೆರಡು ಕವಿಗಳು. ಹನ್ನೊಂದು ಮಂದಿ ಒಬ್ಬೊಬ್ಬರೇ ಬರುವವರು. ಹನ್ನೆರಡನೆಯ ಸಾಲು ಹೀಗಿತ್ತು: ಶ್ರೀಮತಿ ಸುಗಂಧಿ, ಕಾಪು ಮತ್ತು ತಂಡ.

“ಝೀಟಾ, ಈ ತಂಡ ಯಾರು?”

ಝೀಟಾ ಕಾರ್ಡನ್ನು ಮೂಗಿನ ಹತ್ತಿರ ಹಿಡಿದಳು.

“ಅದು ಕೈ ತಪ್ಪಿ ಬಿದ್ದದ್ದು ಕಾಣ್ತದೆ. ಸಮಿತಿಯವರು ಕೊಟ್ಟ ಪಟ್ಟಿಯಲ್ಲಿ ನಿನ್ನ ಹೆಸರಿನ ಕೆಳಗೆ ಕೊರಗ ಕಾಲನಿ ಅಂತ ವಿಳಾಸ ಇತ್ತು. ಹನ್ನೆರಡು ವರ್ಷದಿಂದ ಕಾರ್ಡು ಹೊಡೀತಿದ್ದೇನೆ ನಾನು. ಕಂಬಳ ಇರಲಿ, ಮಾರಿಪೂಜೆ ಇರಲಿ, ಕ್ರಿಕೆಟ್ ಟ್ರೋಫಿ ಇರಲಿ, ಆ ವಿಳಾಸ ಬಂದ್ರೆ ಹಿಂದೆಯೇ ಮತ್ತು ತಂಡ ಬರ್ತದೆ. ಡೋಲಿನವರು ಅಲ್ವಾ. ಬೆರಳು ನನ್ನನ್ನು ಕೇಳುವುದೇ ಇಲ್ಲ.”

“ಪ್ರೂಫ್ ಯಾರೂ ನೋಡಲಿಲ್ವಾ?”

“ಮೂರು ಜನ ನೋಡಿದ್ದಾರೆ. ಒಬ್ಬರು ಶ್ರೀಮತಿಯ ಕೊನೆಗೆ ದೀರ್ಘ ಬಿದ್ದಿದೆ ಅಂತ ಸರಿ ಮಾಡಿಸಿದ್ರು. ತಂಡಕ್ಕೆ ಯಾರೂ ಎಂತ ಹೇಳಲಿಲ್ಲ.”

ಹೇಳುವುದಾದರೂ ಹೇಗೆ. ಕೊರಗರ ಹೆಂಗಸು ಒಬ್ಬಳೇ ಬರುತ್ತಾಳೆ, ಕೈಯಲ್ಲಿ ಬರೀ ಕಾಗದ ಹಿಡಿದು ಬರುತ್ತಾಳೆ ಎಂಬುದು ಆ ಮೂವರಿಗೂ ಹೊಳೆಯಲೇ ಇಲ್ಲ. ಕಣ್ಣಿಗೆ ಬಿದ್ದದ್ದು ದೀರ್ಘ.

ಸುಗಂಧಿಗೆ ಇದು ಆರನೇ ಕರೆ. ಹಿಂದಿನ ಐದರಲ್ಲಿ ಒಮ್ಮೆಯೂ ಅವಳಿಗೆ ಓದಲು ಮೈಕು ಸಿಕ್ಕಿರಲಿಲ್ಲ. ಉಡುಪಿಯಲ್ಲಿ ಅವಳ ಕವಿತೆಯನ್ನು ಚೈತಾಲಿ ಎಂಬ ಕಾಲೇಜು ಹುಡುಗಿ ಭಾವಪೂರ್ಣವಾಗಿ ಓದಿದಳು. ಕವಿಯನ್ನು ವೇದಿಕೆಯ ಎಡ ಮೂಲೆಯಲ್ಲಿ ಕೂರಿಸಿ ಕೈಗೆ ಕಾಡುಬಳ್ಳಿ ಕೊಟ್ಟಿದ್ದರು. ಕವಿತೆ ಮುಗಿಯುವುದರೊಳಗೆ ಬುಟ್ಟಿ ಮುಗಿಯಬೇಕು ಎಂಬುದು ಸಂಘಟಕರ ಕಲ್ಪನೆ. ಸುಗಂಧಿಗೆ ಬುಟ್ಟಿ ಹೆಣೆಯಲು ಬರುವುದಿಲ್ಲ. ಅವಳ ತಾಯಿಗೆ ಬರುತ್ತಿತ್ತು, ಮಗಳಿಗೆ ಬರಬಾರದು ಎಂದೇ ತಾಯಿ ಶಾಲೆಗೆ ಕಳುಹಿಸಿದ್ದು. ಅಂದು ಅವಳು ಹೆಣೆದದ್ದು ಬುಟ್ಟಿಯೂ ಅಲ್ಲ, ಚಾಪೆಯೂ ಅಲ್ಲ. ಸಭೆ ಚಪ್ಪಾಳೆ ತಟ್ಟಿತು. ಒಬ್ಬರು ಅದನ್ನು ಆದಿಮ ಆಕೃತಿ ಎಂದು ಹೊಗಳಿ ಮನೆಗೆ ಕೊಂಡುಹೋದರು. ಪಡುಬಿದ್ರಿಯಲ್ಲಿ ನಾಟಿ ಔಷಧಿಯ ಬಗ್ಗೆ ಎರಡು ಮಾತು ಹೇಳಿ ಎಂದರು. ಅವಳಿಗೆ ಸರಿಯಾಗಿ ಗೊತ್ತಿದ್ದ ಔಷಧಿ ಫಿನಾಯಿಲ್ ಒಂದೇ.

ಕಾದಂಬರಿಯ ಗತಿ ಇನ್ನೂ ವಿಚಿತ್ರ. ಅದರ ಹೆಸರು ‘ಲಿಫ್ಟ್ ರಿಪೇರಿಯಲ್ಲಿದೆ’. ಆಸ್ಪತ್ರೆಗೆ ಸೇರುವ ಮೊದಲು ಸುಗಂಧಿ ಒಂಬತ್ತು ವರ್ಷ ಮಣಿಪಾಲದ ಒಂದು ಅಪಾರ್ಟ್‌ಮೆಂಟು ಗುಡಿಸಿದವಳು. ಏಳು ಮಹಡಿ. ನೂರ ಇಪ್ಪತ್ತಾರು ಮೆಟ್ಟಿಲು. ಎರಡು ಕೈಯಲ್ಲಿ ಎರಡು ಬಕೆಟ್ಟು. ಲಿಫ್ಟಿನ ಪಕ್ಕದಲ್ಲಿ ಬೋರ್ಡು ಇತ್ತು: ಕೆಲಸದವರು ಲಿಫ್ಟ್ ಮುಟ್ಟಬಾರದು. ಅದೇ ಲಿಫ್ಟನ್ನು ದಿನಕ್ಕೆರಡು ಸಲ ಒರೆಸಬೇಕಿತ್ತು. ಒರೆಸುವುದು ಮುಟ್ಟುವುದರ ಲೆಕ್ಕಕ್ಕೆ ಬರುತ್ತಿರಲಿಲ್ಲ. ಎಲ್ಲರೂ ಲಿಫ್ಟಿನಲ್ಲಿ ಓಡಾಡುತ್ತಿದ್ದುದರಿಂದ ಮೂರು ಮತ್ತು ನಾಲ್ಕನೇ ಮಹಡಿಯ ನಡುವಿನ ಮೆಟ್ಟಿಲಿಗೆ ಯಾರೂ ಬರುತ್ತಿರಲಿಲ್ಲ. ಅಲ್ಲಿ ಕೂತು, ಹಳೆಯ ಕ್ಯಾಲೆಂಡರುಗಳ ಬೆನ್ನಿಗೆ ಅವಳು ಕಾದಂಬರಿ ಬರೆದಳು. ಐದು ಮಂದಿ ದೊಡ್ಡವರು ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಇನ್ನೂರ ನಲವತ್ತು ಪುಟ ಅಲ್ಲೇ ಇರುತ್ತಾರೆ. ಹೊರಗೆ ಮೆಟ್ಟಿಲು ಹತ್ತಿ ಇಳಿಯುವ ಕೆಲಸದವಳಿಗೆ ಅವರ ಜಗಳ ಮಹಡಿಮಹಡಿಯಾಗಿ ಕೇಳಿಸುತ್ತದೆ.

ಓದಿದವರು ನಗುತ್ತಾರೆ. ನಕ್ಕ ಮೇಲೆ ಬೇಸರ ಮಾಡಿಕೊಳ್ಳುತ್ತಾರೆ. ಕೊರಗರ ಹೆಂಗಸು ನಗಿಸುವುದು ಸರಿಯೇ ಎಂಬ ಸಂಶಯ. ಉದ್ಯಾವರದ ಗೋಷ್ಠಿಯೊಂದರಲ್ಲಿ ವಿಮರ್ಶಕರೊಬ್ಬರು ಅದನ್ನು ಆತ್ಮಕಥೆ ಎಂದೇ ತಿಳಿದು, “ಲಿಫ್ಟಿನೊಳಗೆ ಎಷ್ಟು ಹೊತ್ತು ಇದ್ದಿರಿ?” ಎಂದು ಮರುಕದಿಂದ ಕೇಳಿದರು. “ನನ್ನನ್ನು ಹತ್ತಿಸಲೇ ಇಲ್ಲ ಸರ್,” ಎಂದಳು ಸುಗಂಧಿ. ಅವರಿಗೆ ಮೋಸ ಹೋದ ಹಾಗಾಯಿತು.

ಹಾಗಾಗಿ ಅವಳಿಗೆ ಆಸೆ ಇದ್ದದ್ದು ಒಂದೇ. ಒಂದು ಸಲ, ತನ್ನ ಹೆಸರು ಕರೆಸಿಕೊಂಡು, ಮೈಕಿನ ಎದುರು ನಿಂತು, ಕಾದಂಬರಿಯ ಏಳನೇ ಅಧ್ಯಾಯವನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು. ಗಟ್ಟಿಯಾಗಿ ಓದಿದರೆ ಹದಿನಾಲ್ಕು ನಿಮಿಷ ಬೇಕು. ಮೆಟ್ಟಿಲಿನ ಮೇಲೆ ಎಷ್ಟೋ ಸಲ ಓದಿ ನೋಡಿದ್ದಳು.

ಸಂಜೆ ಕೆಲಸ ಬಿಟ್ಟವಳೇ ಸಮ್ಮೇಳನದ ಕಾರ್ಯದರ್ಶಿ ಪ್ರಖ್ಯಾತನಿಗೆ ಫೋನು ಮಾಡಿದಳು.

“ಸುಗಂಧಿ ಮೇಡಂ, ಅದು ಪ್ರಿಂಟ್ ಮಿಸ್ಟೇಕ್. ಎರಡು ಸಾವಿರ ಕಾರ್ಡು ಹಂಚಿ ಆಗಿದೆ. ಈಗ ಎಂತ ಮಾಡುವುದು ಹೇಳಿ.”

“ಒಂದು ತಿದ್ದುಪಡಿ ಅಚ್ಚು ಮಾಡಿ.”

“ಅದು ಚಂದ ಕಾಣುವುದಿಲ್ಲ, ಅಲ್ವಾ?” ಎಂದ ಪ್ರಖ್ಯಾತ. ಫೋನಿನಲ್ಲಿಯೇ ಅವನಿಗೆ ಏನೋ ಹೊಳೆದದ್ದು ಕೇಳಿಸಿತು. “ಒಂದು ಕೆಲಸ ಮಾಡುವ ಮೇಡಂ. ಹೇಗೂ ತಂಡ ಅಂತ ಅಚ್ಚಾಗಿದೆ. ಬೆಳಿಗ್ಗೆ ಅಧ್ಯಕ್ಷರ ಮೆರವಣಿಗೆ ಉಂಟು. ಹೇಳಿದ ಚೆಂಡೆಯವರು ಕೈ ಕೊಟ್ಟಿದ್ದಾರೆ. ನಿಮ್ಮ ಕಡೆಯ ಏಳೆಂಟು ಜನ ಡೋಲು ಹಿಡ್ಕೊಂಡು ಬಂದ್ರೆ ಕಾರ್ಡಿಗೂ ಸರಿ ಆಯ್ತು, ನಮಗೂ ಸರಿ ಆಯ್ತು.”

“ನಾನು ಓದಲಿಕ್ಕೆ ಬರುವವಳು.”

“ಓದಿ ಮೇಡಂ, ಬೇಡ ಅಂತ ಹೇಳಿದ್ದಾ? ಅದು ಮಧ್ಯಾಹ್ನ. ಮೂರು ನಿಮಿಷ.”

“ನನಗೆ ಕಾದಂಬರಿಯ ಒಂದು ಅಧ್ಯಾಯ ಓದಬೇಕಿತ್ತು.”

“ಯಾವುದು, ಆ ಲಿಫ್ಟಿನದ್ದಾ? ಅದು ಬೇಡ. ನಿಮ್ಮವರ ಕಷ್ಟದ್ದು ಎಂತಾದ್ರೂ ಓದಿ. ಜನ ಅದನ್ನು ಕಾಯ್ತಾರೆ.”

ಸುಗಂಧಿಯ ಕೈಯಲ್ಲಿ ಕಾರ್ಡು ಇತ್ತು. ಅದರ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸೂಚನೆ: ಕವಿಗಳಿಗೆ ಮೂರು ನಿಮಿಷ, ತಂಡಗಳಿಗೆ ಹದಿನೈದು ನಿಮಿಷ. ಅವಳು ಅದನ್ನು ಎರಡು ಸಲ ಓದಿದಳು.

“ಆಯ್ತು,” ಎಂದಳು. “ತಂಡ ಬರ್ತದೆ.”

“ಡೋಲು?”

“ತಂಡ ಬರ್ತದೆ ಅಂದೆ.”

ಪ್ರಖ್ಯಾತನಿಗೆ ಡೋಲು ಎಂದೇ ಕೇಳಿಸಿತು.

ಕಾಲನಿಯಲ್ಲಿ ಡೋಲು ಇದ್ದದ್ದು ಸೋದರಮಾವ ಅಣ್ಣುವಿನ ಮನೆಯಲ್ಲಿ. ಅಣ್ಣು ಮಾಮನಿಗೆ ಈಗ ಅರವತ್ತೆಂಟು. ಅವರ ಹರೆಯದಲ್ಲಿ ಡೋಲು ಬಾರಿಸಲು ಆಮಂತ್ರಣ ಬರುತ್ತಿರಲಿಲ್ಲ, ಅಪ್ಪಣೆ ಬರುತ್ತಿತ್ತು. ಹೋಗಲೇಬೇಕು. ಹೋದರೆ ಅಂಗಳದ ಆಚೆ ನಿಲ್ಲಬೇಕು. ಒಮ್ಮೆ ಕಂಬಳದ ಗದ್ದೆಯಲ್ಲಿ ಕೋಣಗಳಿಗಿಂತ ಮೊದಲು ಅವರನ್ನು ಓಡಿಸಿದ್ದರು, ಕೆಸರಿನಲ್ಲಿ ಗಾಜೋ ಮುಳ್ಳೋ ಇದ್ದರೆ ಮೊದಲು ಅವರ ಕಾಲಿಗೆ ತಾಗಲಿ ಎಂದು. ತಾಗಿತು. ಕೋಣ ಬೆಲೆಬಾಳುವ ಪ್ರಾಣಿ. ಇಂಥದ್ದಕ್ಕೆಲ್ಲ ಅಜಲು ಎಂದು ಹೆಸರು. ಅದನ್ನು ನಿಷೇಧಿಸಿ ಕಾನೂನು ಬಂದು ಇಪ್ಪತ್ತೈದು ವರ್ಷವಾಯಿತು. ಮಾಮನ ಬಲ ಪಾದದಲ್ಲಿ ಗಾಜಿನ ಗುರುತು ಇನ್ನೂ ಉಂಟು.

“ಡೋಲು ನನ್ನದೇ,” ಎಂದರು ಮಾಮ, ಸುಗಂಧಿ ವಿಷಯ ಹೇಳಿದಾಗ. “ನಮ್ಮ ಮದುವೆಗೆ ಬಾರಿಸ್ತೇನೆ. ನನಗೆ ಕುಶಿಯಾದಾಗ ಬಾರಿಸ್ತೇನೆ. ಆ ಮನುಷ್ಯನ ಚೆಂಡೆ ಬರಲಿಲ್ಲ ಅಂತ ನಾನು ಯಾಕೆ ಬಾರಿಸಲಿ?”

“ಬಾರಿಸುವುದು ಬೇಡ ಮಾಮ. ಓದಬೇಕು.”

ಮಾಮ ಅವಳನ್ನು ನೋಡಿದರು. ಜ್ವರ ಉಂಟೇ ಎಂದು ನೋಡುವ ಹಾಗೆ.

ಅಣ್ಣು ಮಾಮನಿಗೆ ಅಕ್ಷರ ಗೊತ್ತಿತ್ತು, ಪೂರ್ತಿ ಅಲ್ಲ. ಹಿಂದೆ ಸಾಕ್ಷರತೆಯ ಯೋಜನೆಯಲ್ಲಿ ಕಾಲನಿಗೆ ಒಬ್ಬರು ಟೀಚರು ಬರುತ್ತಿದ್ದರು. ಸ್ವರ ಆಯಿತು, ವ್ಯಂಜನ ಆಯಿತು, ಕಾಗುಣಿತ ಆಯಿತು. ಒತ್ತಕ್ಷರ ಶುರುವಾಗುವ ಹೊತ್ತಿಗೆ ಯೋಜನೆ ಮುಗಿಯಿತು. ಅಂದಿನಿಂದ ಮಾಮ ಒತ್ತಕ್ಷರ ಬಂದಲ್ಲಿ ಅದನ್ನು ದಾಟಿಕೊಂಡೇ ಓದುವವರು. ಅವರ ಪಾಲಿಗೆ ಕಾರ್ಕಳ ‘ಕಾಕಳ’, ಅಕ್ಕಿ ‘ಅಕಿ’. ಈ ಕಾರ್ಡನ್ನೂ ಕೈಗೆ ತೆಗೆದುಕೊಂಡು, ಬೆರಳಿಟ್ಟು ಓದಿದರು: “ಸುಗಂಧಿ… ಮತು… ತಂಡ.”

“ಮತ್ತು, ಮಾಮ.”

“ಕೆಳಗೆ ಎಂತದೋ ನೇತಾಡ್ತಿದೆ,” ಎಂದರು ಮಾಮ. “ಅದನ್ನು ಕಲಿಸು ಹಾಗಾದ್ರೆ.”

ಮೂರು ವಾರ ಕಲಿತರು. ತಂಡ ಏಳು ಮಂದಿಯಾಯಿತು. ಮಾಮ, ಅವರ ಹೆಂಡತಿ ತುಕ್ರು ಅತ್ತೆ, ಸುಗಂಧಿಯ ಜೊತೆ ಆಸ್ಪತ್ರೆಯಲ್ಲಿ ಗುಡಿಸುವ ಕಾಲನಿಯ ಐವರು ಹೆಂಗಸರು. ತುಕ್ರು ಅತ್ತೆಗೆ ಓದು ಬರುವುದಿಲ್ಲ. ಆದರೆ ಅವರೂ ಅದೇ ಅಪಾರ್ಟ್‌ಮೆಂಟು ಗುಡಿಸಿದವರು. ಬಾಗಿಲು ಸರಿಯಾಗಿ ಹಾಕದಿದ್ದರೆ ಲಿಫ್ಟು ಇಂಗ್ಲಿಷಿನಲ್ಲಿ ಕೂಗುತ್ತಿದ್ದುದನ್ನು ಆರು ವರ್ಷ ಕೇಳಿದವರು. ಏಳನೇ ಅಧ್ಯಾಯದಲ್ಲಿ ಲಿಫ್ಟು ಒಂಬತ್ತು ಸಲ ಕೂಗುತ್ತದೆ. ಆ ಭಾಗ ಅತ್ತೆಗೆ ಬಂತು. ಮಂಚದಡಿ ಉಳಿದಿದ್ದ ಕಾದಂಬರಿಯ ಪ್ರತಿಗಳಿಗೂ ಮೊದಲ ಸಲ ಕೆಲಸ ಸಿಕ್ಕಿತು.

ಸಮ್ಮೇಳನದ ಬೆಳಿಗ್ಗೆ ಎಂಟು ಮಂದಿ ಶಿರ್ವ, ಬೆಳ್ಮಣ್ ದಾರಿಯ ಬಸ್ಸಿನಲ್ಲಿ ಕಾರ್ಕಳಕ್ಕೆ ಇಳಿದರು. ಹೆಂಗಸರು ಮದುವೆಗೆ ಉಡುವ ಸೀರೆ ಉಟ್ಟಿದ್ದರು. ಮಾಮ ಬಿಳಿ ಅಂಗಿ ಹಾಕಿ, ಜೇಬಿನಲ್ಲಿ ಪೆನ್ನು ಸಿಕ್ಕಿಸಿದ್ದರು. ಪೆನ್ನಿಗೆ ಶಾಯಿ ಇರಲಿಲ್ಲ.

ಪ್ರಖ್ಯಾತ ಹೆಗಲಿಗೆ ಶಾಲು ಹಾಕಿಕೊಂಡು ಓಡಾಡುತ್ತಿದ್ದ. ಮಾಮನಿಗಿಂತ ನಲವತ್ತು ವರ್ಷ ಚಿಕ್ಕವನು.

“ಬಂದೆಯಾ ಅಣ್ಣು? ಡೋಲು ಎಲ್ಲಿ?”

“ಮನೆಯಲ್ಲಿ.”

“ಮನೆಯಲ್ಲಾ? ಎಂತಕ್ಕೆ?”

“ಅದರ ಹೆಸರು ಕಾರ್ಡಿನಲ್ಲಿ ಇಲ್ಲ.”

ಪಕ್ಕದಲ್ಲಿದ್ದ ಇಬ್ಬರು ಸ್ವಯಂಸೇವಕರು ನಕ್ಕರು. ಪ್ರಖ್ಯಾತನೂ ನಗಲು ನೋಡಿದ.

“ತಮಾಷೆ ಬೇಡ ಮಾರಾಯ. ಅಧ್ಯಕ್ಷರು ಜೀಪಿನಲ್ಲಿ ಕೂತಾಯ್ತು. ಬೈಕಿನಲ್ಲಿ ಯಾರನ್ನಾದ್ರೂ ಕಳಿಸಿ ತರಿಸ್ತೇನೆ.”

“ತರಿಸಬಹುದು. ಬಾರಿಸುವವರು ಯಾರು?”

“ನೀನು. ಮತ್ತೆ ಯಾರು?”

“ನಾನು ಓದಲಿಕ್ಕೆ ಬಂದವನು,” ಎಂದರು ಅಣ್ಣು ಮಾಮ.

ಈಗ ಯಾರೂ ನಗಲಿಲ್ಲ. ಪ್ರಖ್ಯಾತ ಸುಗಂಧಿಯ ಕಡೆ ತಿರುಗಿದ. ಮೇಡಂ ಎಂಬುದು ಎಲ್ಲೋ ಬಿದ್ದುಹೋಗಿತ್ತು.

“ಇದೆಲ್ಲ ನಿನ್ನ ಕೆಲಸವಾ? ಡೋಲು ಇಲ್ಲದಿದ್ರೆ ತಂಡ ಇಲ್ಲ. ತಂಡ ಇಲ್ಲದಿದ್ರೆ ನಿನ್ನ ಐಟಂ ಇಲ್ಲ. ಕ್ಯಾನ್ಸಲ್.” ಜೇಬಿನಿಂದ ಪೆನ್ನು ತೆಗೆದು ತನ್ನ ಕೈಯಲ್ಲಿದ್ದ ಕಾರ್ಡಿನ ಹನ್ನೆರಡನೇ ಸಾಲಿಗೆ ಗೀಟು ಹಾಕಿದ.

ಒಂಬತ್ತು ವರ್ಷ ಬಕೆಟ್ಟು ಹೊತ್ತ ಸುಗಂಧಿಯ ಬೆರಳುಗಳು ತಾವಾಗಿ ಮಡಚಿಕೊಂಡವು. ಅವಳ ಬಾಯಲ್ಲಿ ಬಂದದ್ದು ಬೈಗುಳ. ಅದನ್ನು ನುಂಗಿದಳು. ಬೈದರೆ ಅದೂ ಜನಪದ ಎಂದಾರು.

“ಒಂದಕ್ಕೆ ಹಾಕಿದ್ರೆ ಆಗುವುದಿಲ್ಲ,” ಎಂದಳು. “ಎರಡು ಸಾವಿರಕ್ಕೂ ಹಾಕಿ. ನಾವು ಕಾಯ್ತೇವೆ.”

ಅಷ್ಟರಲ್ಲಿ ಇನ್ನೊಂದು ಆಯಿತು. ಮೆರವಣಿಗೆಯಲ್ಲಿ ಯಾರು ಎಲ್ಲಿ ನಿಲ್ಲಬೇಕು ಎಂಬ ಪಟ್ಟಿ ಹಿಂದಿನ ದಿನವೇ ಸ್ವಯಂಸೇವಕರ ಕೈ ಸೇರಿತ್ತು. ಮೊದಲು ಡೋಲಿನ ತಂಡ, ಆಮೇಲೆ ಕಲಶ ಹಿಡಿದವರು, ಆಮೇಲೆ ಜೀಪು. ಜಗಳದ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಅವರು ಎಂಟು ಮಂದಿಯನ್ನೂ ಎಳೆದುಕೊಂಡು ಹೋಗಿ ಎಲ್ಲರಿಗಿಂತ ಮುಂದೆ ನಿಲ್ಲಿಸಿ, “ಹ್ಞೂಂ, ಹೊರಡಿ,” ಎಂದರು. ಹೊರಟರು. ಕಾರ್ಕಳದ ಪೇಟೆಯಲ್ಲಿ ಸಮ್ಮೇಳನಾಧ್ಯಕ್ಷರ ಮುಂದೆ ಎಂಟು ಕೊರಗರು ಎದೆಗೆ ಒಂದೊಂದು ಪುಸ್ತಕ ಹಿಡಿದು, ಸದ್ದಿಲ್ಲದೆ ನಡೆದರು. ಅವರ ಹಿಂದೆ ಅಷ್ಟು ದೊಡ್ಡ ಮೆರವಣಿಗೆಯೂ ಸದ್ದಿಲ್ಲದೆ ನಡೆಯಬೇಕಾಯಿತು. ಹೋಟೆಲಿನ ಬಾಗಿಲಿನಲ್ಲಿ ನಿಂತವರೊಬ್ಬರು ಪಕ್ಕದವರನ್ನು ಕೇಳಿದ್ದು ಸುಗಂಧಿಗೆ ಕೇಳಿಸಿತು.

“ಇವರೆಲ್ಲ ಎಂತ, ಪರೀಕ್ಷೆಗೆ ಹೋಗುವವರಾ?”

“ಈ ಪ್ರಾಯದಲ್ಲಾ?”

“ಫೇಲಾಗಿರಬೇಕು.”

ಊಟದ ಹೊತ್ತಿಗೆ ಇನ್ನೊಂದು ಬಾಗಿಲು. ಸುಗಂಧಿಯ ಎದೆಯ ಮೇಲೆ ‘ಕವಿ’ ಎಂಬ ಬಿಲ್ಲೆ. ಉಳಿದವರಿಗೆ ‘ತಂಡ’. ಕವಿಗಳಿಗೆ ಸಭಾಭವನದ ಒಳಗೆ ಬಾಳೆಲೆ. ತಂಡಕ್ಕೆ ಹಿಂದುಗಡೆ, ಜನರೇಟರಿನ ಪಕ್ಕ, ಪೊಟ್ಟಣ.

“ನೀವು ಒಳಗೆ ಬನ್ನಿ ಅಕ್ಕ,” ಎಂದ ಬಾಗಿಲು ಕಾಯುವವ. “ಅವರದ್ದು ಅಲ್ಲಿ ಉಂಟು.”

“ಅಲ್ಲಿ ಯಾಕೆ?”

ಕಾರಣ ಅವನಿಗೆ ಗೊತ್ತಿತ್ತು. ಅವನ ಅಜ್ಜನಿಗೂ ಗೊತ್ತಿತ್ತು. ಆದರೆ ಬಾಯಿಬಿಟ್ಟು ಹೇಳಿದರೆ ಕೇಸು.

“ಹೇಳು ಮಗಾ,” ಎಂದರು ತುಕ್ರು ಅತ್ತೆ. “ನಾವು ನಿಂತೇ ಇರ್ತೇವೆ. ನಮಗೆ ಅಭ್ಯಾಸ ಉಂಟು.”

“ಜಾಗ… ಜಾಗ ಕಡಿಮೆ ಉಂಟು,” ಎಂದ.

ಒಳಗೆ ಅರ್ಧ ಪಂಕ್ತಿ ಖಾಲಿ ಕಾಣುತ್ತಿತ್ತು. ಎಂಟು ಮಂದಿ ಅವನನ್ನು ದಾಟಿ ಹೋಗಿ ಕೂತರು. ಬಡಿಸುವವರು ಕೆಮ್ಮಣ್ಣು ಊರಿನವರು, ಇಲ್ಲಿ ಯಾರ ಗುರುತೂ ಇಲ್ಲದವರು. ಅವರಿಗೆ ಎಲೆ ಕಂಡರೆ ಬಡಿಸುವುದು ಮಾತ್ರ ಗೊತ್ತು. ಎದುರು ಪಂಕ್ತಿಯಲ್ಲಿ ಕೂತಿದ್ದ ಇಬ್ಬರು ಪಾಯಸಕ್ಕೆ ಕಾಯದೆ ಎದ್ದರು. ತುಕ್ರು ಅತ್ತೆ ಅವರ ಪಾಲಿನದ್ದನ್ನೂ ಕೇಳಿ ಹಾಕಿಸಿಕೊಂಡರು.

ಕವಿಗೋಷ್ಠಿಯ ಅಧ್ಯಕ್ಷರು ಲೂಯಿಸ್ ಮಾಸ್ಟ್ರು. ಕಾಪುವಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತರಾದವರು. ವ್ಯಾಕರಣದಲ್ಲಿ ಅವರಿಗೆ ದೇವರ ಮೇಲೆ ಇದ್ದಷ್ಟೇ ನಂಬಿಕೆ. ಅವರ ಎದುರಿನ ಮೇಜಿನ ಮೇಲೆ ಒಂದು ಗಂಟೆ, ಪಕ್ಕದಲ್ಲಿ ಕೈಗಡಿಯಾರ. ಮೂರು ನಿಮಿಷಕ್ಕೆ ಗಂಟೆ ಬಿದ್ದರೆ ಕವಿ ಯಾವ ಪ್ರಾಸದಲ್ಲಿದ್ದರೂ ಇಳಿಯಬೇಕು. ಸುಗಂಧಿ ಒಂಬತ್ತನೇ ಕ್ಲಾಸಿನಲ್ಲಿ ಅವರ ವಿದ್ಯಾರ್ಥಿನಿ. ಅವ್ಯಯಗಳನ್ನು ಕಲಿಸಿದ್ದು ಅವರೇ. ಇನ್ಸ್‌ಪೆಕ್ಷನಿನ ದಿನ ಇಡೀ ಕ್ಲಾಸಿನಿಂದ ಅವಳೊಬ್ಬಳನ್ನು ಎಬ್ಬಿಸಿ ಶಾಲೆಯ ಕಕ್ಕಸು ತೊಳೆಯಲು ಕಳುಹಿಸಿದ್ದೂ ಅವರೇ. ಎರಡನ್ನೂ ಅವಳು ಚೆನ್ನಾಗಿ ಕಲಿತಳು.

ಹನ್ನೊಂದು ಕವಿಗಳು ಮುಗಿದರು. ಮಾಸ್ಟ್ರು ಕನ್ನಡಕ ಸರಿಮಾಡಿಕೊಂಡು ಕಾರ್ಡು ಎತ್ತುವಷ್ಟರಲ್ಲಿ ಪ್ರಖ್ಯಾತ ಹಿಂದಿನಿಂದ ಬಂದು ಗೀಟು ಹಾಕಿದ ತನ್ನ ಕಾರ್ಡನ್ನು ಮೇಜಿನ ಮೇಲೆ ಇಟ್ಟ. ಸುಗಂಧಿ ಕರೆಯುವ ತನಕ ಕಾಯಲಿಲ್ಲ. ವೇದಿಕೆಗೆ ಐದು ಮೆಟ್ಟಿಲು. ನೂರ ಇಪ್ಪತ್ತಾರು ಹತ್ತಿದವಳಿಗೆ ಐದು ಏನೂ ಅಲ್ಲ. ಹಿಂದಿನಿಂದ ಏಳು ಮಂದಿ ಹತ್ತಿದರು. ಮೈಕು ಆನಾಗಿಯೇ ಇತ್ತು. ಮುಂದಿನ ಮಾತೆಲ್ಲ ಸಭೆಗೆ ಕೇಳಿಸಿತು.

“ಸರ್, ಇವರದ್ದು ಕ್ಯಾನ್ಸಲ್. ನೋಡಿ, ಗೀಟು ಹಾಕಿದ್ದೇನೆ.”

“ಗೀಟು ಹಾಕಿದ್ರೆ ಅದು ತಿದ್ದುಪಡಿ ಅಲ್ಲ. ಅದು ಗೀಟು,” ಎಂದರು ಮಾಸ್ಟ್ರು. “ನನ್ನ ಕಾರ್ಡಿನಲ್ಲಿ ಇವರ ಹೆಸರು ಉಂಟು.”

“ಹಾಗಾದ್ರೆ ಇವಳೊಬ್ಬಳು ಓದಲಿ ಸರ್, ಮೂರು ನಿಮಿಷ. ತಂಡ ಬೇಡ. ಅವರ ಹತ್ರ ಡೋಲೇ ಇಲ್ಲ.”

ಮಾಸ್ಟ್ರು ತಲೆ ಆಡಿಸುವವರಿದ್ದರು. ಅದು ಅವರಿಗೂ ಸರಿ ಎಂದೇ ಕಂಡಿತ್ತು. ಸುಗಂಧಿ ಮೇಜಿನ ಹತ್ತಿರ ಬಾಗಿದಳು.

“ಮಾಸ್ಟ್ರೇ, ‘ಮತ್ತು’ ಎಂದರೆ ಎಂತ?”

ಮೂವತ್ತು ವರ್ಷದ ಅಭ್ಯಾಸ. ಉತ್ತರ ತಾನಾಗಿ ಬಂತು. “ಸಂಬಂಧಾರ್ಥಕಾವ್ಯಯ.”

“ಅದರ ಕೆಲಸ?”

“ಎರಡನ್ನು ಜೋಡಿಸುವುದು.”

“ಜೋಡಿಸಿದ ಮೇಲೆ ಒಂದನ್ನು ಹತ್ತಿಸಿ ಇನ್ನೊಂದನ್ನು ಇಳಿಸಬಹುದಾ?”

ಮಾಸ್ಟ್ರು ವಾಕ್ಯವನ್ನು ಮನಸ್ಸಿನಲ್ಲೇ ಎರಡು ಸಲ ತಿರುಗಿಸಿ ನೋಡಿದರು.

“ಇಲ್ಲ,” ಎಂದರು. ಆಮೇಲೆ ಮುಖ ಎತ್ತಿ ಅವಳನ್ನು ಸರಿಯಾಗಿ ನೋಡಿದರು. “ನೀನು ನನ್ನ ಕ್ಲಾಸಿನಲ್ಲಿ ಇದ್ದವಳಾ?”

“ಹೌದು ಮಾಸ್ಟ್ರೇ. ಅವ್ಯಯದ ಪಾಠಕ್ಕೆ ಅರ್ಧ ಇದ್ದೆ. ಉಳಿದರ್ಧದಲ್ಲಿ ಇನ್ಸ್‌ಪೆಕ್ಷನ್ ಇತ್ತು.”

ಸಭೆಗೆ ಅರ್ಥವಾಗಲಿಲ್ಲ. ಮಾಸ್ಟ್ರಿಗೆ ಆಯಿತು. ಅವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಲು ಸ್ವಲ್ಪ ಹೊತ್ತು ಬೇಕಾಯಿತು.

“ಓದಿ,” ಎಂದರು. ಓದು ಎನ್ನಲಿಲ್ಲ.

ಸುಗಂಧಿ ಪುಸ್ತಕ ತೆರೆದಳು. “ಲಿಫ್ಟ್ ರಿಪೇರಿಯಲ್ಲಿದೆ. ಏಳನೇ ಅಧ್ಯಾಯ,” ಎಂದಳು. ತನ್ನ ಧ್ವನಿ ಸಭಾಭವನದ ಹಿಂದಿನ ಗೋಡೆಗೆ ತಾಗಿ ತಿರುಗಿ ಬಂದದ್ದು ಕೇಳಿಸಿತು. ಮೆಟ್ಟಿಲಿನಲ್ಲಿ ಓದುವಾಗಲೂ ಹೀಗೇ ಕೇಳಿಸುತ್ತಿತ್ತು. ಓದಿದಳು. ಲಿಫ್ಟಿನೊಳಗೆ ಸಿಕ್ಕಿದ ನಿವೃತ್ತ ಮ್ಯಾನೇಜರು, ಅವರ ಹೆಂಡತಿ, ಡೆಂಟಿಸ್ಟು, ಮನೆ ಬಾಡಿಗೆಗೆ ಕೇಳಲು ಬಂದವನು, ಯೋಗದ ಟೀಚರು. ಬೆವರು. ಯಾರೋ ಒಬ್ಬರ ಬ್ಯಾಗಿನಲ್ಲಿ ಒಣಮೀನು. ಯಾರದ್ದೆಂದು ಯಾರೂ ಒಪ್ಪುವುದಿಲ್ಲ. ಸಭೆಯಲ್ಲಿ ಒಬ್ಬರು ನಕ್ಕರು. ಆಮೇಲೆ ಒಂದು ಸಾಲು ನಕ್ಕಿತು.

ಗಂಟೆ ಬಿತ್ತು. ಮಾಸ್ಟ್ರ ಕೈಗೆ ಅದು ಅಭ್ಯಾಸ.

“ಕವಿಯ ಮೂರು ನಿಮಿಷ ಮುಗಿಯಿತು,” ಎಂದಳು ಸುಗಂಧಿ. “ಇನ್ನು ತಂಡದ ಹದಿನೈದು.”

ತುಕ್ರು ಅತ್ತೆ ಮೈಕಿನ ಹತ್ತಿರ ಬಂದು, ಸೆರಗು ಸರಿಮಾಡಿಕೊಂಡು, ಸಣ್ಣ ಹುಡುಗಿಯ ಗಾಜಿನಂಥ ಧ್ವನಿಯಲ್ಲಿ ಹೇಳಿದರು: “ಪ್ಲೀಸ್ ಕ್ಲೋಸ್ ದ ಡೋರ್.”

ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆಲ್ಲ ಆ ಧ್ವನಿ ಗೊತ್ತು. ಸಭೆ ಬಿದ್ದು ಬಿದ್ದು ನಕ್ಕಿತು. ಬಾಗಿಲ ಹತ್ತಿರ ಕೂತಿದ್ದ ಒಬ್ಬರು ಎದ್ದು ನಿಜವಾಗಿಯೂ ಬಾಗಿಲು ಹಾಕಿದರು. ಐವರು ಹೆಂಗಸರು ಒಂದೊಂದು ಪುಟ ಓದಿದರು. ಅತ್ತೆ ಹೇಳಬೇಕಾದಲ್ಲೆಲ್ಲ ಹೇಳಿದರು, ಒಂದೆರಡು ಸಲ ಹೆಚ್ಚೇ ಹೇಳಿದರು. ಪ್ರಖ್ಯಾತ ವೇದಿಕೆಯ ಪಕ್ಕ ಶಾಲಿನ ಅಂಚು ತಿರುಚುತ್ತಾ ನಿಂತಿದ್ದ. ಅಧ್ಯಾಯದ ಕೊನೆಗೆ ಲಿಫ್ಟಿನೊಳಗಿನವರಿಗೆ ಹೊರಗೆ ಬಕೆಟ್ಟಿನ ಸದ್ದು ಕೇಳಿಸುತ್ತದೆ. ‘ಯಾರದು, ಬಾಗಿಲು ಎಳೆಯಿರಿ’ ಎಂದು ಮ್ಯಾನೇಜರು ಬೇಡುತ್ತಾರೆ. ಅದಕ್ಕೆ ಕೆಲಸದವಳು ಕೊಡುವ ಉತ್ತರ ಒಂದೇ ಸಾಲು. ಆ ಸಾಲು ಅಣ್ಣು ಮಾಮನದ್ದು.

ಮಾಮ ಮೈಕಿನ ಎದುರು ನಿಂತರು. ಪುಸ್ತಕದ ಮೇಲೆ ಬೆರಳಿಟ್ಟರು.

“ಲಿ,” ಎಂದರು.

ನಿಲ್ಲಿಸಿದರು. ಅಲ್ಲಿ ಒಂದರ ಕೆಳಗೆ ಒಂದು ನೇತಾಡುತ್ತಿತ್ತು. ಮುಂದಿನ ಸಾಲಿನಿಂದ ಯಾರೋ ಸಹಾಯಕ್ಕೆಂದು “ಲಿಫ್ಟ್, ಲಿಫ್ಟ್” ಎಂದರು.

“ಹೇಳಿಕೊಡಬೇಡಿ,” ಎಂದರು ಮಾಮ, ತಲೆ ಎತ್ತದೆ. “ನಾನೇ ಹತ್ತುತ್ತೇನೆ.”

ಹತ್ತಿದರು. “ಲಿ-ಫ್-ಟ್. ಮು-ಟ್ಟ-ಬಾ-ರ-ದು. ಅಂತ.” ಉಸಿರು ತೆಗೆದುಕೊಂಡರು. “ಬೋ-ರ್-ಡು. ಹಾ-ಕಿ-ದ್ದು.” ಮಾಸ್ಟ್ರು ಗಡಿಯಾರ ನೋಡಿದರು. ಹದಿನೈದು ಆಗಿತ್ತು. ಅವರ ಕೈ ಗಂಟೆಯ ಮೇಲೆ ಹೋಯಿತು. ಹೋದ ಕೈ ಗಂಟೆ ಅಲುಗದ ಹಾಗೆ ಅದನ್ನು ಮುಚ್ಚಿ ಹಿಡಿಯಿತು. “ನೀ-ವೇ,” ಎಂದರು ಮಾಮ. “ಅಲ್ವಾ.”

ಪ್ರಶ್ನೆ ಚಿಹ್ನೆಯ ಮೇಲೆ ಬೆರಳು ಒತ್ತಿ ಪುಸ್ತಕ ಮುಚ್ಚಿದರು. ಆಮೇಲೆ, ಇಷ್ಟು ಕಷ್ಟಪಟ್ಟು ಹತ್ತಿದ ಸಾಲನ್ನು ಒಮ್ಮೆಗೇ ಬಿಡಲು ಮನಸ್ಸಾಗದೆ, ಪ್ರಖ್ಯಾತನ ಕಡೆ ನೋಡಿ ಒಂದೇ ಉಸಿರಿಗೆ ಮತ್ತೊಮ್ಮೆ ಹೇಳಿದರು.

“ಲಿಫ್ಟ್ ಮುಟ್ಟಬಾರದು ಅಂತ ಬೋರ್ಡು ಹಾಕಿದ್ದು ನೀವೇ ಅಲ್ವಾ?”

“ನಾನಲ್ಲ,” ಎಂದ ಪ್ರಖ್ಯಾತ, ಯೋಚಿಸದೆ.

ಚಪ್ಪಾಳೆಗಿಂತ ಮೊದಲು ಬಂದದ್ದು ಆ ನಗು.

ಮೂರನೇ ದಿನ ಪತ್ರಿಕೆಯಲ್ಲಿ ಫೋಟೋ ಬಂತು. ಝೀಟಾ ಅದನ್ನು ಕಾಲನಿಗೆ ತಂದಳು. ಎಂಟು ಮಂದಿ ಸಾಲಾಗಿ ನಿಂತಿದ್ದಾರೆ. ಎಂಟು ಕೈಯಲ್ಲೂ ಪುಸ್ತಕ. ಮಾಮನ ಬೆರಳು ಪುಟದ ಮೇಲೆ ಇರುವುದೂ ಕಾಣುತ್ತಿತ್ತು. ಫೋಟೋದ ಕೆಳಗಿನ ಸಾಲನ್ನು ಸುಗಂಧಿ ನೋಡಿದಳು, ಪತ್ರಿಕೆಯನ್ನು ಮಾಮನ ಮುಂದೆ ಇಟ್ಟಳು.

ಮಾಮ ಬೆರಳಿಟ್ಟು ಓದಿದರು. “ಸುಗಂಧಿ… ಮ-ತ್ತು… ತಂಡದವರಿಂದ…” ಮುಂದಿನ ಎರಡು ಶಬ್ದಗಳಲ್ಲಿ ಒತ್ತಕ್ಷರವೇ ಇರಲಿಲ್ಲ. ತಡೆಯಿಲ್ಲದೆ ಬಂದವು. “ಡೋಲು ಕುಣಿತ.”

ಇನ್ನೊಮ್ಮೆ ಓದಿದರು. ಫೋಟೋ ನೋಡಿದರು. ಫೋಟೋದಲ್ಲಿ ಡೋಲು ಎಲ್ಲಾದರೂ ಉಂಟೇ ಎಂದು ಪ್ರಾಮಾಣಿಕವಾಗಿ ಹುಡುಕಿದರು.

“ನನ್ನದಲ್ಲ ಇದು,” ಎಂದಳು ಝೀಟಾ. “ನನ್ನ ಬೆರಳು ಕಾಪುವಿನಲ್ಲೇ ಇತ್ತು.”

“ಅಲ್ಲಿಯೂ ಯಾರದ್ದೋ ಬೆರಳು ಉಂಟಲ್ಲ,” ಎಂದಳು ಸುಗಂಧಿ. ಅವಳಿಗೆ ನಗು ಬರುತ್ತಿತ್ತು. ಮೈಕು ಸಿಕ್ಕಿತ್ತು, ಅಧ್ಯಾಯ ಓದಿ ಆಗಿತ್ತು, ಮುನ್ನೂರು ಜನ ಕೇಳಿದ್ದರು. ಕೇಳದವರೆಲ್ಲ ಇನ್ನು ಓದುವುದು ಇದನ್ನೇ.

ಮಾಮ ಪತ್ರಿಕೆಯ ಕೊನೆಯ ಪುಟ ತಿರುಗಿಸಿ, ಅಡಿಯಲ್ಲಿದ್ದ ಫೋನ್ ನಂಬರನ್ನು ಒಂದೊಂದೇ ಅಂಕೆಯಾಗಿ ಒತ್ತಿದರು. ಅಂಕೆಗಳಿಗೆ ಒತ್ತಕ್ಷರ ಇಲ್ಲ.

“ನಮಸ್ಕಾರ. ನಿಮ್ಮ ಇವತ್ತಿನ ನಾಲ್ಕನೇ ಪುಟದಲ್ಲಿ ಒಂದು ತಪ್ಪುಂಟು.”

ಆ ಕಡೆಯವರು ಏನೋ ಕೇಳಿದರು.

“ಡೋಲು ಅಂತ ಬರೆದಿದ್ದೀರಿ. ಅದು ಕಾದಂಬರಿ. ಬರೆದವರು ಸುಗಂಧಿ. ನಾನು ಓದಿದ್ದು ಏಳನೇ ಅಧ್ಯಾಯದ ಕೊನೆಯ ಸಾಲು. ಡೋಲು ಮನೆಯಲ್ಲಿ ಉಂಟು, ಬೇಕಾದ್ರೆ ಬಂದು ನೋಡಿ. ತಿದ್ದುಪಡಿ ಹಾಕಿ. ಗೀಟು ಅಲ್ಲ, ತಿದ್ದುಪಡಿ. ಬರೆದುಕೊಳ್ಳಿ, ನಾನು ನಿಧಾನ ಹೇಳ್ತೇನೆ.”

“ಆಯ್ತು, ನೋಡುವ ನೋಡುವ,” ಎಂದದ್ದು ಈಗ ಎಲ್ಲರಿಗೂ ಕೇಳಿಸಿತು. “ಅದಿರಲಿ, ನೀವು ಯಾರು ಮಾತಾಡುವುದು?”

ಮಾಮ ಅಂಗಿಯ ಗುಂಡಿ ಹಾಕಿಕೊಂಡರು. ಸುಗಂಧಿಯ ಮುಖ ನೋಡಿದರು.

“ತಂಡ,” ಎಂದರು.